ಪಂಚಮಿಯ ಕರೆ

ಶ್ರಾವಣ ಬಂತೆಂದರೆ ಪುಣೆಯ ನಮ್ಮ ಕಚೇರಿಯ ಕನ್ನಡದ ತರುಣರು ನನ್ನನ್ನು ಕಂಡು ದಾರಿ ತಪ್ಪಿಸಿಕೊಳ್ಳುತ್ತಾರೆ. ಸಿಕ್ಕಿದವನನ್ನು ನಾನು ಬಿಡುವುದಿಲ್ಲ. “ಅಕ್ಕನ್ನ ಪಂಚಮಿಗೆ ಕರದೇನೋ?” ಇದೊಂದೇ ಪ್ರಶ್ನೆ. ಮುದುಕನಿಗೆ ಅರಳು ಮರಳು ಎಂದು ಬೆನ್ನ ಹಿಂದೆ ನಗುತ್ತಾರೆ, ಗೊತ್ತಿದೆ. ನಗಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಜಾತಿಯವನು ನಾನು. ನನ್ನ ಒಲೆಯಂತೂ ತಡವಾಗಿ ಉರಿಯಿತು, ಅವರದಾದರೂ ಹೊತ್ತಿಗೆ ಸರಿಯಾಗಿ ಉರಿಯಲಿ ಎಂಬ ಆಸೆ.

ನಮ್ಮ ಧಾರವಾಡದ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಗೆ ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು, ಅವಳು ಗಂಟು ಹಿಡಿದು ಅವನ ಹಿಂದೆ ತವರಿಗೆ ಬರಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ಕರೆಯದೆ ಅವಳು ಬರುವಂತಿಲ್ಲ. ತಾಯಿತಂದೆ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಪುಣೆಯಲ್ಲೇ ನೆಲೆಸಿದ್ದ ನಮ್ಮವರ ಮನೆಗೇ ಅವಳನ್ನು ಕೊಟ್ಟಿತ್ತು. ನನಗೂ ಇಲ್ಲಿಯೇ ಕಾರಕೂನಿಕೆ ಸಿಕ್ಕಿತು. ನಾನು ಶನಿವಾರ ಪೇಟೆಯ ಹಲವು ಬಿಡಾರಗಳ ಒಂದು ವಾಡೆಯಲ್ಲಿ, ಅವಳು ನದಿಯಾಚೆ ಭಾಂಬುರ್ಡಾದಲ್ಲಿ. ನಡುವಿನ ಸೇತುವೆ, ಇಲ್ಲಿಯವರ ಪೂಲ್, ದಾಟಿದರೆ ಸೈಕಲ್ಲಿನ ಮೇಲೆ ಹತ್ತು ನಿಮಿಷ. ಅವಳ ಪಾಲಿಗೆ ತವರು ಅಂದರೆ ನನ್ನ ಆ ಎರಡು ಖೋಲಿಗಳೇ.

ನನ್ನ ಮದುವೆಯಾದ ಹೊಸದರಲ್ಲಿ ತಪ್ಪದೆ ಹೋಗಿ ಕರೆದು ತರುತ್ತಿದ್ದೆ. ಮಗ ಹುಟ್ಟಿದ್ದು ಹೆಂಡತಿಯ ತವರಿನಲ್ಲಿ, ಹೆಸರಿಟ್ಟದ್ದೂ ಅಲ್ಲಿಯೇ. ಸೋದರತ್ತೆಯಾಗಿ ತೊಟ್ಟಿಲ ಮುಂದೆ ನಿಲ್ಲುವುದು ಅಕ್ಕನಿಗೆ ತಪ್ಪಿತು. ಆ ವರ್ಷದ ಪಂಚಮಿಗೆ ಹೆಂಡತಿ ನೆನಪಿಸಿದಳು.

“ನಿಮ್ಮ ಅಕ್ಕನವರನ್ನ ಕರಕೊಂಡ ಬರ್ರಿ.”

“ಊರಾಗ ಇದ್ದಾಕಿನ್ನ ಏನ ಕರಿಯೋದು? ಬೇಕಾದ್ರ ತಾನ ಬರತಾಳ.”

ನಿಜ ಹೇಳಬೇಕೆಂದರೆ ನನಗೆ ಪುಣೆಯ ಗಾಳಿ ಹೊಡೆದಿತ್ತು. ಇಲ್ಲಿಯವರಿಗೆ ಅಕ್ಕ ತಮ್ಮಂದಿರ ದೊಡ್ಡ ಹಬ್ಬ ದೀಪಾವಳಿಯ ಭಾವುಬೀಜ. ತಮ್ಮನೇ ಅಕ್ಕನ ಮನೆಗೆ ಹೋಗಿ ಆರತಿ ಮಾಡಿಸಿಕೊಂಡು ಉಂಡು ಬರುತ್ತಾನೆ. ನನಗೆ ಇದು ಭಾಳ ಸೋವಿ ಅನ್ನಿಸಿತು. ಕಚೇರಿಗೆ ರಜೆಯೂ ಇರುತ್ತಿತ್ತು. ಕುಪ್ಪಸದ ಒಂದು ಖಣ ತಟ್ಟೆಗಿಟ್ಟರೆ ವರ್ಷದ ಅಕ್ಕ-ತಮ್ಮತನ ಮುಗಿಯಿತೆಂದು ತಿಳಿದೆ. ಎಂಥ ಶಾಣ್ಯಾ ನಾನು!

ಎರಡನೆಯ ವರ್ಷದ ಭಾವುಬೀಜಕ್ಕೆ ಹೋದಾಗ ಬಡಿಸುತ್ತ ಅಕ್ಕ ಕೇಳಿದಳು.

“ಈ ಸರ್ತಿ ಪಂಚಮಿಗೆ ನಿಮ್ಮ ವಾಡೆದಾಗ ಜೋಕಾಲಿ ಕಟ್ಟಿದ್ರೇನು?”

“ಕಟ್ಟಿದ್ರು. ಇನ್ನೊಂದು ಕರಜಿಕಾಯಿ ಹಾಕು.”

ಅವಳು ಎರಡು ಹಾಕಿದಳು. ಅಷ್ಟು ಬಿಚ್ಚಿ ಹೇಳಿದ ಮಾತು ನನ್ನ ಮಂದ ಕಿವಿಗೆ ಬೀಳಲಿಲ್ಲ. ಮೂರನೆಯ ಪಂಚಮಿಯೂ ಹಾಗೆಯೇ ಹೋಯಿತು. ಭಾದ್ರಪದದಲ್ಲಿ ಅವಳಿಗೆ ಜ್ವರ ಬಂತು. ಎಂಟು ದಿನ ದಿನಾಲೂ ಪೂಲ್ ದಾಟಿ ಹೋಗಿ ಕೂತೆ. ಒಂಬತ್ತನೆಯ ದಿನ ಅಕ್ಕ ಇರಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ಅವಳ ಅತ್ತೆ ಒಳಗಿನಿಂದ ಒಂದು ಗಂಟು ತಂದು ನನ್ನ ಮುಂದಿಟ್ಟರು.

“ಪ್ರತಿ ಪಂಚಮಿ ಹಿಂದಿನ ದಿನ ಇದನ್ನ ಕಟ್ಟಿ ಪಡಸಾಲ್ಯಾಗ ಕೂಡತಿದ್ಳಪಾ. ಹೊರಗ ಸೈಕಲ್ ಗಂಟಿ ಆದ್ರ ಎದ್ದ ನಿಲ್ಲತಿದ್ಳು.”

ಪುಣೆಯಲ್ಲಿ ಸೈಕಲ್ ಗಂಟೆಗೆ ಏನು ಬರ? ಹಾಲಿನವನದು, ಅಂಚೆಯವನದು, ಕಾಲೇಜಿನ ಹುಡುಗರದು. ಎಷ್ಟು ಸಲ ಎದ್ದಳೋ, ಎಷ್ಟು ಸಲ ಕೂತಳೋ.

“ನನಗ ಯಾರೂ ಒಂದು ಮಾತ ಹೇಳಲಿಲ್ಲ,” ಅಂದೆ.

“ನಾ ಹೇಳಿ ಕಳಸ್ತೀನಿ ಅಂದೆ. ಬ್ಯಾಡ್ರಿ ಅತ್ತಿ, ಹೇಳಿ ಕರಿಸಿಕೊಂಡ್ರ ಅದೇನು ಕರೆ ಅಂದ್ಳು. ಕೂಸಿನ ಅಂಗಿ ಭಾವುಬೀಜಕ್ಕ ತಮ್ಮನ ಕೈಯಾಗ ಕೊಡು ಅಂದ್ರ ಅದಕ್ಕೂ ಒಲ್ಲೆ ಅಂದ್ಳು. ತವರಮನಿಗೆ ಹೋಗಿ ನನ್ನ ಕೈಯಾರೆ ತೊಡಸ್ತೀನಿ ಅಂದ್ಳು.”

ಗಂಟಿನಲ್ಲಿ ಒಂದು ಸೀರೆ ಮತ್ತು ನನ್ನ ಮಗನಿಗೆ ಹೊಲಿದ ಅಂಗಿ ಇದ್ದವು. ಅವರ ಪಡಸಾಲೆಯಲ್ಲೇ ಕೂತು ಅತ್ತುಬಿಟ್ಟೆ. ಅಕ್ಕನ ಮೇಲೆ ಸಿಟ್ಟೂ ಬಂತು. ಒಂದು ಬಾರಿ ಬೈದಿದ್ದರೆ ಓಡಿ ಬರುತ್ತಿದ್ದೆನಲ್ಲ! ಆದರೆ ಅವಳು ಬೇಡಿದ್ದು ಓಡಿ ಬರುವ ತಮ್ಮನನ್ನಲ್ಲ, ನೆನೆದು ಬರುವ ತಮ್ಮನನ್ನು. ದಿನಾ ಕಾಣುವವರಿಗೂ ಒಂದು ಕರೆ ಬೇಕು. ಇಷ್ಟು ತಿಳಿಯಲು ನನಗೆ ಅಕ್ಕನನ್ನೇ ಕಳೆದುಕೊಳ್ಳಬೇಕಾಯಿತು. ಈಗಲೂ ಪಂಚಮಿಯ ಹಿಂದಿನ ದಿನ ಸೈಕಲ್ ಒರೆಸಿ ನಿಲ್ಲಿಸುತ್ತೇನೆ. ಆಮೇಲೆ ಹೋಗುವುದೆಲ್ಲಿಗೆ ಎಂದು ತಿಳಿಯದೆ ವಾಡೆಯ ಕಟ್ಟೆಯ ಮೇಲೆ ಕೂಡುತ್ತೇನೆ.

ಆ ಅಂಗಿ ಕಚೇರಿಯ ನನ್ನ ಮೇಜಿನೊಳಗಿದೆ. ಹೋದ ವಾರ ಒಬ್ಬ ತರುಣ ಸಿಕ್ಕಿಬಿದ್ದ. ಅವನ ಅಕ್ಕ ಇದೇ ಊರಿನ ಕಸಬಾ ಪೇಟೆಯಲ್ಲಿದ್ದಾಳೆ.

“ಈ ವರ್ಷ ಕೆಲಸ ಭಾಳ ಅದರಿ. ಬರೋ ವರ್ಷ ಖರೇನ ಕರೀತೀನಿ,” ಅಂದ.

ನಾನು ಬೈಯಲಿಲ್ಲ. ಅಂಗಿ ತೆಗೆದು ಒಳಮಗ್ಗುಲು ತಿರುವಿ ಅವನ ಮುಂದೆ ಹಾಸಿದೆ. ಕೂಸು ಬೆಳೆದಂತೆ ಬಿಚ್ಚಿ ದೊಡ್ಡದು ಮಾಡಲೆಂದು ಅಕ್ಕ ಅಂಚಿನಲ್ಲಿ ಮೂರು ಮಡಿಕೆ ಹಾಕಿ ಹೊಲಿದಿದ್ದಳು. ನಾನು ಬಾರದೆ ಹೋದ ಪಂಚಮಿಯ ಮರುವರ್ಷ, ಗಂಟು ಕಟ್ಟುವ ಮುನ್ನ, ಒಂದೊಂದು ಬಿಚ್ಚಿದ್ದಳು. ಎರಡು ಬಿಚ್ಚಿದ ಕಡೆ ಸೂಜಿಯ ತೂತುಗಳು ಸಾಲಾಗಿ ಕಾಣುತ್ತವೆ.

ಮೂರನೆಯದನ್ನು ಅವನ ಬೆರಳು ಹಿಡಿದು ಮುಟ್ಟಿಸಿದೆ. ಅದು ಹೊಲಿದ ಹಾಗೆಯೇ ಇದೆ. ಬರುವ ವರ್ಷಕ್ಕೆಂದು ಅಕ್ಕ ಉಳಿಸಿಕೊಂಡದ್ದು.