ಹುಣಸೆಹಣ್ಣಿಗೆ ಹೊಳೆದ ಆನೆಕಾಸು

ಬೆಳಿಗ್ಗೆ ಸೊಸೆ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಪಾತ್ರೆ ಅಂಗಡಿಯ ಯಜಮಾನರು ನೆನಪಾದರು...

ಆಗ ನಾನು ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಕೆಲಸಕ್ಕೆ ಹೋಗಿಬರುತ್ತಿದ್ದೆ. ಅಲ್ಲಿನ ಪೇಟೆಯಲ್ಲಿ ಅವರ ಅಂಗಡಿ. ತೂಕಕ್ಕೆ ಬರುವ ಹಳೇ ತಾಮ್ರದ ನಡುವೆ ಸಿಕ್ಕ ಕಾಸುಗಳನ್ನು ಕರಗಿಸಲು ಮನಸ್ಸು ಬಾರದೆ ಎತ್ತಿಡುತ್ತಾ ಹೋದವರು, ಕೊನೆಗೆ ಎರಡೂ ಊರಿನ ನಾಣ್ಯದ ಹುಚ್ಚರನ್ನು ಸೇರಿಸಿ ಒಂದು ಸಂಘವನ್ನೇ ಕಟ್ಟಿಬಿಟ್ಟರು. ತಿಂಗಳಿಗೊಂದು ಭಾನುವಾರ ಅಂಗಡಿಯ ಅಟ್ಟದಲ್ಲಿ ಸಭೆ. ಇದ್ದದ್ದು ಹನ್ನೊಂದು ಜನ; ಹೆಂಗಸು ನಾನೊಬ್ಬಳೇ.

ಪ್ರತಿ ನಾಣ್ಯಕ್ಕೂ ಒಂದು ಕವರು, ಒಳಗೊಂದು ಚೀಟಿ. ಯಾರು ಕೊಟ್ಟರು, ಎಲ್ಲಿ ಸಿಕ್ಕಿತು, ಆಮೇಲೇನಾಯಿತು, ಎಲ್ಲ ಅದರಲ್ಲಿರಬೇಕು. ತಪ್ಪು ಬರೆದರೆ ಹರಿದು ಹಾಕುವಂತಿಲ್ಲ. ಒಂದೇ ಗೆರೆ ಹೊಡೆದು, ಕೆಳಗೆ ಸರಿಯಾದದ್ದನ್ನು ಬರೆದು ರುಜು ಹಾಕಬೇಕು. ಯಜಮಾನರು ಈ ವಿಷಯದಲ್ಲಿ ಬಲು ಖಡಕ್ಕು. ಮೊದಲನೇ ಕವರಿನಲ್ಲಿದ್ದದ್ದು ಅವರ ಅವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದ ಆನೆಕಾಸು. ಒಂದು ಮುಖದಲ್ಲಿ ಆನೆಯಿರುವ, ಮೈಸೂರು ಅರಸರ ಕಾಲದ ತಾಮ್ರದ ಕಾಸು ಅದು.

ನಂಜನಗೂಡಿನಲ್ಲಿ ಸಂಘದ ಮೊದಲ ಪ್ರದರ್ಶನ ಗೊತ್ತಾದಾಗ ಕಾಸುಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕವರುಗಳನ್ನು ಮನೆಗೆ ತಂದೆ. ಮೊದಲು ತೆರೆದದ್ದೇ ಆ ಆನೆಕಾಸಿನ ಕವರು. ನಾಲ್ಕು ಜನರ ಮುಂದೆ ಕಪ್ಪು ಹಿಡಿದ ಕಾಸನ್ನು ಇಡುವುದೇ? ಹುಣಸೆಹಣ್ಣು, ಉಪ್ಪು ಹಾಕಿ ಚೆನ್ನಾಗಿ ತಿಕ್ಕಿದೆ. ಆನೆ ಫಳಫಳ ಹೊಳೆಯಿತು. ಎಂಥ ಜಾಣೆ ನಾನು! ಕಾಲ ಕೂರಿಸಿದ ಆ ಕಪ್ಪೇ ಹಳೇ ಕಾಸಿನ ಮರ್ಯಾದೆ, ಅದನ್ನು ತೊಳೆದರೆ ಮುಗಿಯಿತು ಎಂಬುದು ಹೊಸಬಳಾದ ನನಗೆ ಗೊತ್ತೇ ಇರಲಿಲ್ಲ.

ಮಾರನೆಯ ದಿನ ಯಜಮಾನರು ಅದನ್ನು ಅಂಗೈಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಗ ನನಗೆ ಅರ್ಥವಾಯಿತು. ಅಳು ಬಂತು.

"ಓಗ್ಲಿ ಬುಡವ್ವಾ. ಇನ್ನೊಂದಿನ್ನೂರು ವರ್ಷಕ್ಕೆ ತಿರ್ಗಾ ಕಪ್ಪಾಯ್ತದೆ," ಅಂದರು.

ಪ್ರದರ್ಶನದ ದಿನ ಮೈಸೂರಿನಿಂದ ಬಂದಿದ್ದ ಹಳೇ ಸಂಗ್ರಾಹಕರೊಬ್ಬರು ಕಾಸನ್ನು ಕಂಡು ತಲೆ ಚಚ್ಚಿಕೊಂಡರು. "ಇದನ್ನ ಯಾರ್ರೀ ತೊಳ್ದಿದ್ದು?"

"ನಾನೇ ಕಣ್ರೀ. ಪಾತ್ರೆ ಉಜ್ಜೋ ಕೈ, ಸುಮ್ಕಿರ್ತದಾ?" ಎಂದು ಯಜಮಾನರು ನಕ್ಕರು.

ಎಲ್ಲರೂ ನಕ್ಕರು. 'ಉಜ್ಜೋ ಯಜಮಾನ್ರು' ಎಂಬ ಅಡ್ಡಹೆಸರು ಅವರಿಗೆ ಕೊನೆತನಕ ಅಂಟಿಕೊಂಡಿತು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಮುಂದಿನ ಸಭೆಯಲ್ಲಿ ಹೇಳೋಣ ಎಂದುಕೊಂಡೆ. ಎಷ್ಟು ಸಭೆಗಳು ಹಾಗೇ ಮುಗಿದವೋ... ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ನನಗೆ ವರ್ಗವಾಯಿತು. ಸದಸ್ಯರು ಒಬ್ಬೊಬ್ಬರಾಗಿ ಕಡಿಮೆಯಾಗಿ ಸಂಘವೂ ನಿಂತುಹೋಯಿತು. ಹೋದ ವರ್ಷ ಯಜಮಾನರು ತೀರಿಕೊಂಡ ಮೇಲೆ ಅವರ ಮಗಳು ಆ ಮೊದಲನೇ ಕವರನ್ನು ತಂದುಕೊಟ್ಟಳು. "ಅಪ್ಪಾಜಿ ಇದ್ನ ನಿಮ್ಗೇ ಕೊಡ್ಬೇಕು ಅಂದಿದ್ರು ಕಣಕ್ಕಾ." ತೆರೆಯಲು ಧೈರ್ಯ ಸಾಲದೆ ಬೀರುವಿನಲ್ಲಿಟ್ಟಿದ್ದೆ.

ಇವತ್ತು ತೆರೆದೆ. ಆನೆಯ ಬೆನ್ನ ಮೇಲೆ ತುಸು ಕಪ್ಪು ಕೂತಿದೆ. ಚೀಟಿಯಲ್ಲಿ ಅವರ ದುಂಡನೆಯ ಅಕ್ಷರ: 'ಕೊಟ್ಟವರು: ನಮ್ಮವ್ವ. ತೊಳೆದವರು: ನಾನು.'

ಪೆನ್ನು ತಂದು ಆ 'ನಾನು' ಮೇಲೆ ಒಂದೇ ಗೆರೆ ಹೊಡೆದೆ. ಕೆಳಗೆ ನನ್ನ ಹೆಸರು ಬರೆದು ರುಜು ಹಾಕಿದೆ. ಓದಿ ಹೇಳಲು ಸಭೆಯೂ ಇಲ್ಲ, ಅವರೂ ಇಲ್ಲ.

"ಅತ್ತೆ, ಅದನ್ನೂ ಕೊಡಿ, ಒಟ್ಟಿಗೇ ಉಜ್ಜಿಬಿಡ್ತೀನಿ," ಎಂದಳು ಸೊಸೆ.

"ಬೇಡ ಕಣಮ್ಮಾ," ಎಂದೆ. ಕಾಸನ್ನು ಚೀಟಿಯೊಡನೆ ಕವರಿಗೆ ಹಾಕಿ ಬೀರುವಿನಲ್ಲಿಟ್ಟೆ.