ಮಕ್ಕಳ ಮೂಲೆಯಲ್ಲೊಂದು ಮಣ್ಣು

ನಿವೃತ್ತಿಯಾದವರಿಗೆ ಎರಡೇ ದಾರಿ, ಒಂದು ದೇವಸ್ಥಾನ, ಇನ್ನೊಂದು ಊರ ಉಸಾಬರಿ ಎಂದು ನನ್ನ ಗಂಡ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಎರಡನೆಯದನ್ನು ಹಿಡಿದೆ. ದೇವರ ಮುಂದೆ ಕೈ ಮುಗಿದು ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ.

ನಮ್ಮದೊಂದು ಸಣ್ಣ ಗುಂಪು. ಎಲ್ಲರೂ ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲಿ ತಲೆ ನರೆಸಿಕೊಂಡವರು. ಕೊಂಢವಾ ಬಡಾವಣೆಯ ಕಟ್ಟಡಗಳಲ್ಲಿ ದುಡಿಯುವ ಕಲಬುರಗಿ, ಯಾದಗಿರಿ ಕಡೆಯ ಜನರ ಪರವಾಗಿ ಆಸ್ಪತ್ರೆ, ಶಾಲೆ, ಪೊಲೀಸ್ ಚೌಕಿಗಳಲ್ಲಿ ಮರಾಠಿ ಮಾತಾಡುವುದು ನಮ್ಮ ಕೆಲಸ. ಸಮಾಜಸೇವೆ ಎಂದು ಹೇಳಿಕೊಳ್ಳುತ್ತೇವೆ. ಅರ್ಧ ಸಮಯ ಕಾಯುವುದರಲ್ಲಿ, ಉಳಿದರ್ಧ ಚಹಾ ಕುಡಿಯುವುದರಲ್ಲಿ ಹೋಗುತ್ತದೆ. ನಾನು ನಿಗಡಿಯಿಂದ ಹೊರಟು ಶಿವಾಜಿನಗರದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸೇವೆಯ ಉತ್ಸಾಹ ಸಾಕಷ್ಟು ಇಳಿದಿರುತ್ತದೆ. ಆಮೇಲೆ ಮಾಡುವುದೇ ನಿಜವಾದ ಕೆಲಸ ಎಂಬುದು ನನ್ನ ಅನುಭವ.

ಏಳುತ್ತಿದ್ದ ಒಂದು ಕಟ್ಟಡದ ಹಿಂದಿನ ತಗಡಿನ ಶೆಡ್ಡುಗಳ ಸಾಲಿನಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ ಇದ್ದರು. ಸೊಸೆ ಇಟ್ಟಿಗೆ ಹೊರುತ್ತಿದ್ದಳು. ಅತ್ತೆಗೆ ಹೊಟ್ಟೆಯ ರೋಗ. ಮನೆಗೆ ಕರೆದುಕೊಂಡು ಹೋಗಿ, ಬೇಕಾದ್ದು ತಿನ್ನಿಸಿ ಎಂದು ಆಸ್ಪತ್ರೆಯವರು ಹೇಳಿದ್ದರು. ಆ ಮಾತಿನ ಅರ್ಥ ಮುದುಕಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಅವಳು ಬೇಕೆಂದು ಕೇಳಿದ್ದು ತಿನ್ನುವ ಪದಾರ್ಥವನ್ನಲ್ಲ.

"ನನ್ನ ಸುಡಬ್ಯಾಡ್ರಿ ತಾಯಿ, ಮಣ್ಣಾಗ ಇಡ್ರಿ" ಎಂದಳು.

ಅವರ ಕಡೆ ಸತ್ತವರನ್ನು ಹೂಳುವುದೇ ರೂಢಿ. ಹಿಂದಿನ ವರ್ಷ ಅವಳ ಮಗ ಇದೇ ಊರಲ್ಲಿ ಜ್ವರ ಬಂದು ಸತ್ತಿದ್ದ. ಗುತ್ತಿಗೆದಾರ ಆ ದಿನವೇ ಅವನನ್ನು ಸುಡಿಸಿ, ಉಳಿದವರನ್ನು ಕೆಲಸಕ್ಕೆ ಹಚ್ಚಿದ್ದ. ಸೊಸೆ ಅದನ್ನು ನನಗೆ ಹೇಳಿದ್ದು ಒಂದೇ ಮಾತಿನಲ್ಲಿ: "ಅಮಾಸಿಗೆ ಎಡಿ ಇಡಾಕ ಜಾಗಾನೇ ಇಲ್ರಿ." ತುತ್ತು ಅನ್ನ ಇಟ್ಟು ಕಾಗೆಯನ್ನು ಕರೆಯಲು ಒಂದು ಗುಡ್ಡೆಯೂ ಇರಲಿಲ್ಲ. ಅತ್ತೆಗೆ ಹಾಗಾಗಲು ಬಿಡುವುದಿಲ್ಲ ಎಂದು ಅವಳು ಮುದುಕಿಯ ಕೈ ಹಿಡಿದು ಮಾತು ಕೊಟ್ಟಿದ್ದಳು. ಊರು ಬಹಳ ದೂರ. ಮುದುಕಿ ಬಸ್ಸಿನಲ್ಲಿ ಕೂರುವ ಸ್ಥಿತಿಯಲ್ಲಿರಲಿಲ್ಲ, ಹೆಣ ಒಯ್ಯುವ ಗಾಡಿಯ ಮಾತಂತೂ ಅವರ ಅಳವಿನದಾಗಿರಲಿಲ್ಲ.

ನಮ್ಮ ಗುಂಪಿನ ಹಿರಿಯರೊಬ್ಬರು ಒಳ್ಳೆಯವರು, ಆದರೆ ಅವಸರದವರು. ಅವರು ವಿದ್ಯುತ್ ಚಿತಾಗಾರದಲ್ಲಿ ಎಲ್ಲವನ್ನೂ ಗೊತ್ತು ಮಾಡಿಕೊಂಡು ಬಂದರು. ಹೊಗೆಯಿಲ್ಲ, ಕಟ್ಟಿಗೆಯಿಲ್ಲ, ಖರ್ಚಿಲ್ಲ ಎಂದು ಮುದುಕಿಯ ಎದುರೇ ಹೇಳಿದರು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಸೊಸೆ ಮಾತ್ರ "ಸುಡೂದ ಅಲ್ಲೇನ್ರಿ ಅದೂ?" ಎಂದು ಕೇಳಿದಳು. ಅವರು ಕನ್ನಡಕ ಒರೆಸಿಕೊಂಡರು.

ಹೂಳಲು ಜಾಗ ಕೇಳಲು ನಾನು ಪಾಲಿಕೆಯ ವಾರ್ಡ್ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತ ಕೆಟ್ಟವನಲ್ಲ, ಕುರ್ಚಿಯನ್ನೂ ಕೊಟ್ಟ. "ಹಿಂದೂ ನಾ? ಮಗ ಜಾಳಾಯ್ಚಂ" ಎಂದ ಮರಾಠಿಯಲ್ಲಿ. ಹಿಂದೂ ಎಂದರೆ ಸುಡಬೇಕು, ಹೂಳಲು ಬಿಡುವುದು ಹಾಲುಕುಡಿಯುವ ಮಕ್ಕಳನ್ನು ಮಾತ್ರ. ನಾನೂ ಹಿಂದೂನೇ, ನನ್ನ ಗಂಡನನ್ನು ಹೂಳಿದ್ದೇವೆ ಎಂದೆ. ಅವನಿಗೆ ಆಶ್ಚರ್ಯವಾಗಲಿಲ್ಲ. ನಿಮ್ಮ ಸಮಾಜಕ್ಕೆ ಬೇರೆ ಜಾಗ ಇದೆಯಲ್ಲ ತಾಯಿ, ಇವಳನ್ನೂ ಅಲ್ಲಿಗೇ ಒಯ್ಯಿರಿ ಎಂದ. ಹಾದಿ ಅಷ್ಟು ಹತ್ತಿರ ಇತ್ತು, ನನಗೇ ಹೊಳೆದಿರಲಿಲ್ಲ.

ನಮ್ಮ ಸಮಾಜದ ರುದ್ರಭೂಮಿಗೆ ಗಟ್ಟಿ ಗೋಡೆ, ಬೇವಿನ ಮರ, ನೀರಿನ ನಲ್ಲಿ ಎಲ್ಲ ಇವೆ. ನನ್ನ ಗಂಡ ಅಲ್ಲಿದ್ದಾರೆ. ಅವರ ಮಗ್ಗುಲಲ್ಲಿ ನನಗಾಗಿ ಜಾಗ ಬಿಟ್ಟಿದ್ದಾರೆ. ಆ ರುದ್ರಭೂಮಿಯನ್ನು ನೋಡಿಕೊಳ್ಳುವ ಯಜಮಾನರು ನನ್ನನ್ನು ಅಕ್ಕಾರ ಎಂದೇ ಕರೆಯುವವರು. ನಾನು ಅವರ ಮನೆಗೆ ಹೋಗಿ ಹೇಳಿದ್ದನ್ನೆಲ್ಲ ತಲೆದೂಗಿ ಕೇಳಿದರು. ಆಮೇಲೆ ದನಿ ಇಳಿಸಿ, "ಯಾರ ಪೈಕಿರೀ?" ಎಂದರು.

ನಮ್ಮ ಕಡೆಯವರಿಗೆ ಈ ಪ್ರಶ್ನೆಯ ಅರ್ಥ ಗೊತ್ತು. ಜಾತಿ ಕೇಳುವುದು ಅಸಭ್ಯ ಎಂದು ಪೈಕಿ ಕೇಳುತ್ತಾರೆ. ನಾನು ಹೇಳಿದೆ. ಯಜಮಾನರು ಒಳಗೆ ಕೂಗಿ ಚಹಾ ತರಿಸಿದರು. ಚಹಾ ಬಂತೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

"ನೀವು ಮಾಡೂದು ಭಾಳ ಪುಣ್ಯದ ಕೆಲಸ ಅದ ಅಕ್ಕಾರ. ಆದ್ರ ಇವತ್ತ ಒಬ್ರನ್ನ ಬಿಟ್ರ ನಾಳೆ ಎಲ್ಲಾರೂ ಬರ್ತಾರ."

"ಬರದ ಎಲ್ಲಿಗೆ ಹೋಗ್ತಾರ್ರಿ? ಎಲ್ಲಾರೂ ಸಾಯವ್ರ ಅಲ್ಲಾ?" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. "ನಮ್ಮ ಮನಿಯವ್ರ ಮಗ್ಗಲ ಜಾಗಾ ನಂದಲ್ಲೇನ್ರಿ? ಅದನ್ನ ಆಕಿಗೆ ಕೊಡ್ರಿ."

"ಜಾಗಾ ಸಮಾಜದ್ದರೀ. ನಿಮಗಂತ ಇಟ್ಟದ್ದು ನಿಮಗಷ್ಟ."

ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದವರ ಹೆಸರಿನಲ್ಲಿ ನಡೆಯುವ ಸಮಾಜ ಇದು. ವಚನ ಹಾಡದೆ ಇವರ ಒಂದು ಸಭೆಯೂ ಶುರುವಾಗುವುದಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು, ಆದರೂ ಚಹಾ ಕುಡಿದೇ ಎದ್ದೆ. ನಮ್ಮವರ ಮನೆಯಲ್ಲಿ ಚಹಾ ಬಿಟ್ಟು ಏಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಮುದುಕಿ ಒಂದು ಬೆಳಿಗ್ಗೆ ಸತ್ತಳು. ಸೊಸೆ ಯಾರನ್ನೂ ಕೇಳಲಿಲ್ಲ. ಹೆಣವನ್ನು ಸಾಲಿನ ಗಂಡಸರಿಂದ ಹೊರಿಸಿ ಮಹಾನಗರಪಾಲಿಕೆಯ ಸ್ಮಶಾನಕ್ಕೆ ಒಯ್ದು, ಬಾಗಿಲ ಹೊರಗೆ ಇಳಿಸಿ, ಪಕ್ಕದಲ್ಲಿ ಕೂತುಬಿಟ್ಟಳು. ಸಾಲಿನ ಹೆಂಗಸರೆಲ್ಲ ಆ ದಿನದ ಕೂಲಿ ಬಿಟ್ಟು ಬಂದು ಸುತ್ತ ಕೂತರು. ನಾವು ತಲುಪಿದಾಗ ಪೊಲೀಸರೂ ಬಂದಿದ್ದರು. ನಮ್ಮ ಅವಸರದ ಹಿರಿಯರು ಧೋತರ ಎತ್ತಿ ಕಟ್ಟಿ ಅವರ ಜೊತೆ ನೆಲದ ಮೇಲೆ ಕೂತರು. ಆ ಕ್ಷಣ ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು.

ಕೊನೆಗೆ ಪಾಲಿಕೆಯ ಒಬ್ಬ ಸಾಹೇಬ ಬಂದ. ಬಿಸಿಲಿಗೆ ಅವನ ಮುಖ ಕೆಂಪಾಗಿತ್ತು. ಏನು ಬೇಕಂತೆ ಕೇಳಿ ಎಂದು ನನಗೆ ಹೇಳಿದ.

"ಮಣ್ಣು ಕೊಡ್ರಿ ಅನ್ರಿ, ಬ್ಯಾರೆ ಏನೂ ಬ್ಯಾಡ" ಎಂದಳು ಸೊಸೆ. ನಾನು ಅದನ್ನು ಅಷ್ಟೇ ಮರಾಠಿಯಲ್ಲಿ ಹೇಳಿದೆ. ಕಾನೂನು, ಹಕ್ಕು ಎಂದೆಲ್ಲ ಹೇಳಲು ಸಿದ್ಧಳಾಗಿ ಬಂದಿದ್ದೆ, ಅವು ಬಾಯಿಗೆ ಬರಲಿಲ್ಲ.

ಸಾಹೇಬ ದೂರ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ಮಕ್ಕಳನ್ನು ಹೂಳುವ ಮೂಲೆಯಲ್ಲಿ ಮಾಡಿಕೊಳ್ಳಿ, ಕಲ್ಲುಗಿಲ್ಲು ನಿಲ್ಲಿಸಬೇಡಿ ಎಂದು ಹೇಳಿ, ನಮ್ಮ ಯಾರ ಮುಖವನ್ನೂ ನೋಡದೆ ಹೊರಟುಹೋದ.

ಅಲ್ಲಿನ ಕೆಲಸಗಾರನಿಗೆ ಕೂಸಿನ ಅಳತೆಯ ಗುಂಡಿ ತೋಡಿಯೇ ರೂಢಿ. ಕಟ್ಟಡದ ಗಂಡಸರು ಸಲಿಕೆ ಇಸಿದುಕೊಂಡು ಅದನ್ನು ಉದ್ದ ಮಾಡಿದರು. ಸಂಜೆಯಾಗುವುದರೊಳಗೆ ಮುದುಕಿ ಮಣ್ಣಲ್ಲಿದ್ದಳು. ನಾನೂ ಬಗ್ಗಿ ಒಂದು ಹಿಡಿ ತೆಗೆದುಕೊಂಡೆ. ಆಗ ಸೊಸೆ ನನ್ನ ಪಕ್ಕ ಬಂದು ನಿಂತಳು.

"ಅಕ್ಕಾರ, ನಿಮ್ಮ ಜಾಗಾ ನಮ್ಮತ್ತಿಗೆ ಕೊಡ್ತೀನಿ ಅಂದಿದ್ರಂತ?"

ನಮ್ಮ ಹಿರಿಯರು ಬಾಯಿ ಬಿಟ್ಟಿದ್ದಾರೆಂದು ತಿಳಿಯಿತು. ಹೌದು ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಎಂದಿರಬೇಕು.

"ಅವ್ವಾ, ಅದೆಂಗ್ರಿ! ಯಾರದೋ ಗಂಡನ ಮಗ್ಗಲ್ದಾಗ ಆಕಿ ಹೆಂಗ ಮಲಗ್ತಿದ್ಲು? ಎದ್ದು ಬರ್ತಿದ್ಲು ಆಕಿ!"

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಸೊಸೆಯೂ ನಕ್ಕಳು, ನಗುತ್ತಲೇ ಅತ್ತಳು. ನನಗೂ ನಗು ತಡೆಯಲಾಗಲಿಲ್ಲ. ಗುಮಾಸ್ತನನ್ನು ಕೇಳಿದ್ದೆ, ಯಜಮಾನರನ್ನು ಕೇಳಿದ್ದೆ. ಆ ಜಾಗ ನಿನಗೆ ಆದೀತೇ ಎಂದು ಮುದುಕಿಯನ್ನು ಕೇಳುವುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವಳು ಕಣ್ಣು ಒರೆಸಿಕೊಂಡು ಮತ್ತೆ ಕೇಳಿದಳು. "ಅಲ್ರಿ, ಅದನ್ನ ಆಕಿಗೆ ಕೊಟ್ಟು ನೀವೆಲ್ಲಿ ಹೋಗವ್ರಿದ್ರಿ?"

ನನ್ನದೇನು, ಸುಟ್ಟರಾಯಿತು ಎನ್ನಲು ಬಾಯಿ ತೆರೆದೆ. ಸುಡುವುದು ನನಗೂ ಬೇಡ ಎಂದು ಆಗಲೇ ತಿಳಿದದ್ದು. ಗೋಡೆಯ ಆಚೆ ಯಾರದೋ ಚಿತೆ ಉರಿಯುತ್ತಿತ್ತು, ಅದರ ಕಾವು ಇಲ್ಲಿಯವರೆಗೂ ಬರುತ್ತಿತ್ತು. ಹಿಡಿದ ಮಣ್ಣನ್ನು ಹಾಕುವುದನ್ನೂ ಮರೆತು ನಾನು ಹಾಗೇ ನಿಂತಿದ್ದೆ.

ಸೊಸೆ ನನ್ನ ಮುಖ ನೋಡಿದಳು. "ಹಾಕ್ರಿ ಅಕ್ಕಾರ" ಎಂದು, ನನ್ನ ಮುಷ್ಟಿಯನ್ನು ತಾನೇ ಬಿಡಿಸಿದಳು.