ಅಧ್ಯಕ್ಷೆ ತಿಳಿಸಿದರು

ನನ್ನ ಫೋನಿನಲ್ಲಿ ಹನ್ನೊಂದು ಮಂದಿ ಗ್ರಾಮ ಪಂಚಾಯಿತಿ ಅಧ್ಯಕ್ಷೆಯರ ನಂಬರುಗಳಿವೆ. ಯಾವುದಕ್ಕೆ ಹಚ್ಚಿದರೂ ಕೇಳುವುದು ಗಂಡಸಿನ ದನಿ. ರಾಯಚೂರಿನಲ್ಲಿ ಇಪ್ಪತ್ತು ವರ್ಷದಿಂದ ವರದಿಗಾರನಾಗಿರುವ ನನಗೆ ಇದು ವಿಚಿತ್ರವೆನಿಸಿದ್ದೇ ಇಲ್ಲ. ಗಂಡ ಹೇಳಿದ್ದನ್ನು ಬರೆದುಕೊಂಡು ಕೊನೆಗೆ ‘ಎಂದು ಅಧ್ಯಕ್ಷೆ ತಿಳಿಸಿದರು’ ಎಂದು ಸೇರಿಸುತ್ತಿದ್ದೆ. ಕೈಗೆ ರೂಢಿಯಾದದ್ದನ್ನು ಯಾರೂ ಸುಳ್ಳೆನ್ನುವುದಿಲ್ಲ.

ಮೊನ್ನೆ ಚುನಾವಣೆಗೆ ಮುಂಚೆ, ದೇಶಕ್ಕೆ ಮಹಿಳಾ ಪ್ರಧಾನಿ ಬೇಕೇ ಎಂದು ಜನರನ್ನು ಕೇಳಿ ಬರಲು ಸಂಪಾದಕರು ಹೇಳಿದರು. ಮಾನ್ವಿಯ ಚಹಾದಂಗಡಿಯಲ್ಲಿ ಎಲ್ಲರೂ ಧಾರಾಳಿಗಳು.

“ಆಗ್ಲಿ ಬಿಡ್ರಿ. ದಿಲ್ಲ್ಯಾಗ ಯಾರಿದ್ರೇನು, ದಿನಾ ನಾವೇನು ಮುಖ ನೋಡೋದದ?” ಎಂದರು ನಿವೃತ್ತ ಮಾಸ್ತರರೊಬ್ಬರು.

“ನಿಮ್ಮ ಊರಾಗ?”

“ಊರಾಗ ಬ್ಯಾರೆರೀ. ಇಲ್ಲಿ ಕೆಲಸ ಇರ್ತದ.”

ಹೆಣ್ಣು ಎಷ್ಟು ದೂರದಲ್ಲಿ ಆಳಿದರೆ ನಮ್ಮ ಉದಾರತೆ ಅಷ್ಟು ದೊಡ್ಡದು ಎಂದುಕೊಳ್ಳುತ್ತ ದೇವದುರ್ಗದ ಕಡೆ ಹೊರಟೆ. ಅಲ್ಲಿನ ಹಳ್ಳಿಯೊಂದರ ಅಧ್ಯಕ್ಷೆ ಹನುಮವ್ವ, ಕುರಿ ಸಾಕುವ ಮನೆತನದವಳು. ಗಂಡ ಊರಲ್ಲಿರಲಿಲ್ಲ. ಹಾಗಾಗಿ ಅವಳೇ ಮಾತಾಡಿದಳು.

“ನಾ ಅಧ್ಯಕ್ಷಿ ಆಗಿ ಎರಡು ವರ್ಷ ಆತ್ರಿ. ಆ ಕುರ್ಚಿ ಮ್ಯಾಲ ಒಂದಿನಾನೂ ಕುಂತಿಲ್ಲ. ಮೊದ್ಲು ನನ್ನ ಕುಂದರಸ್ರಿ, ಆಮ್ಯಾಲ ದಿಲ್ಲಿದು ನೋಡೋಣು.” ಆಮೇಲೆ ದನಿ ತಗ್ಗಿಸಿ, “ಇದನ್ನ ನನ್ನ ಹೆಸರ್ಲೇ ಹಾಕ್ತೀರಿಲ್ರಿ? ನನ್ನ ಮಾತು ಒಂದರ ಕಾಗದದಾಗ ಇರ್ಲಿ” ಎಂದಳು.

“ಹಾಕ್ತೀನಿ ಯವ್ವಾ” ಎಂದೆ. ಸೆರಗು ಸರಿಮಾಡಿಕೊಂಡು ಫೋಟೊಗೆ ನಿಂತಳು.

ರಾಯಚೂರಿಗೆ ಹಿಂದಿರುಗುತ್ತ ಕಲ್ಮಲ ಊರು ದಾಟುವಾಗ ಫೋನ್ ಬಂತು. ಪರದೆಯ ಮೇಲೆ ಅವಳ ಹೆಸರು, ದನಿ ಗಂಡನದು.

“ಸರ, ಆಕಿಗೇನು ತಿಳೀತದ್ರಿ? ‘ಎಲ್ಲರ ಸಹಕಾರದಿಂದ ಮಹಿಳೆಯರು ಮುಂದೆ ಬರಬೇಕು’ ಅಂತ ಬರ್ಕೋರಿ.”

“ಅವರಿಗೆ ಫೋನ್ ಕೊಡ್ರಿ.”

“ರೊಟ್ಟಿ ಬಡ್ಯಾಕತ್ತಾಳ್ರಿ.”

ಮನೆಯಲ್ಲಿ ಅವಳಿಗೆ ತೊಂದರೆಯಾಗದಿರಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಆ ವಾಕ್ಯ ಬರೆಯುವುದು ಸುಲಭವಿತ್ತು. ಮರುದಿನ ಪತ್ರಿಕೆಯಲ್ಲಿ ಅವಳ ನಗುಮುಖ ಬಂತು, ಅದರ ಕೆಳಗೆ ಅವನ ಮಾತು. ಅವಳಿಗೆ ಓದು ಬಾರದೆಂದೇ ನಾನು ತಿಳಿದಿದ್ದೆ.

ವಾರದ ಮೇಲೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ಸಿಕ್ಕಳು.

“ಫೋಟೊ ಚಲೋ ಬಂದದ್ರಿ. ಏಳನೇತ್ತ ತನಕ ಸಾಲಿ ಕಲ್ತೀನಿ. ಕೆಳಗಿಂದೂ ಓದಿದೆ.”

“ತಪ್ಪಾತು ಯವ್ವಾ. ನಾಳೆ ತಿದ್ದುಪಡಿ ಹಾಕ್ತೀನಿ” ಎಂದೆ.

“ಬ್ಯಾಡ ಬಿಡ್ರಿ,” ಎಂದು ಬಸ್ಸಿನತ್ತ ನಡೆದಳು. “ಅದಕ್ಕೂ ನೀವು ಅವರ್ನೇ ಕೇಳ್ತೀರಿ.”